ಧಣಿ ಕೊಟ್ಟ ಮೂರು ಗಂಟೆ

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಒಂದು ಇಡೀ ತಲೆಮಾರು ಮುಂಬಯಿ ಕನ್ನಡಿಗರಲ್ಲಿದೆ. ಅವರ ಬೆನ್ನಿಗೆ ಕೂಡಿಟ್ಟ ದುಡ್ಡಿತ್ತು, ಸಂಜೆಯ ಬಿಡುವಿತ್ತು, ದಾರಿ ಹೇಳುವ ಮೇಷ್ಟ್ರಿದ್ದರು. ಇವತ್ತು ಕೋರ್ಸುಗಳಿಗೆ ಲೆಕ್ಕವಿಲ್ಲ. ಆ ಮೂರೂ ಒಂದೇ ಕಡೆ ಸಿಗುವ ಜಾಗವಿಲ್ಲ. ಅದನ್ನು ಮತ್ತೆ ಕಟ್ಟುವ ಶಕ್ತಿ ಈ ಊರಿನ ಕನ್ನಡ ಸಂಘಗಳಿಗಿದೆ.

ಜೂನ್ ತಿಂಗಳ ಒಂದು ಸಂಜೆ, 1960ರ ಆಸುಪಾಸು. ಫೋರ್ಟಿನ ಕಚೇರಿಗಳು ಬಾಗಿಲು ಹಾಕುತ್ತಿವೆ, ಕೊಡೆ ಬಿಚ್ಚಿದ ಜನ ವಿಟಿ ಸ್ಟೇಷನ್ನಿನ ಕಡೆಗೆ ಧಾವಿಸುತ್ತಿದ್ದಾರೆ. ಅವರಿಗೆ ಎದುರಾಗಿ, ಬೋರಾ ಬಜಾರಿನ ಗಲ್ಲಿಗಳೊಳಗೆ, ಇನ್ನೊಂದು ಗುಂಪು ನುಸುಳುತ್ತಿದೆ. ಹದಿನಾಲ್ಕರ, ಹದಿನೆಂಟರ, ಇಪ್ಪತ್ತೆರಡರ ಹುಡುಗರು. ತಲೆಗೆ ನೀರು ಸವರಿ ಬಾಚಿಕೊಂಡಿದ್ದಾರೆ, ಕಂಕುಳಲ್ಲಿ ನೋಟ್‌ಬುಕ್ಕು, ಬೆರಳಲ್ಲಿ ಇನ್ನೂ ಈರುಳ್ಳಿಯ ವಾಸನೆ. ನಸುಕಿನಿಂದ ಟೇಬಲ್ ಒರೆಸಿ, ಲೋಟ ತೊಳೆದು, ಕಚೇರಿ ಕಚೇರಿಗೆ ಚಹಾ ಹೊತ್ತ ಮಾಣಿಗಳು ಇವರು. ಆರೂವರೆಗೆ ಗಂಟೆ ಬಾರಿಸುತ್ತದೆ. ಒಂಬತ್ತೂವರೆಯ ತನಕ ಇವರು ವಿದ್ಯಾರ್ಥಿಗಳು. ಹಗಲು ಬೇರೆ ಮಕ್ಕಳು ಕೂತೆದ್ದ ಬೆಂಚಿನಲ್ಲೇ ಇವರ ಪಾಠ. ಗಣಿತ ಹೇಳಿಕೊಡುವ ಮೇಷ್ಟ್ರೂ ಹಗಲೆಲ್ಲ ಇನ್ನೊಂದು ಕಡೆ ದುಡಿದು ಬಂದವರು.

ಮಹಾರಾಷ್ಟ್ರದಲ್ಲಿ ಜೂನ್ ಮಧ್ಯಕ್ಕೆ ಶಾಲೆಗಳು ತೆರೆಯುತ್ತವೆ. ಪುಸ್ತಕದ ಅಂಗಡಿಗಳ ಮುಂದೆ ಅಪ್ಪ ಅಮ್ಮಂದಿರ ಸಾಲು, ಸಮವಸ್ತ್ರದ ಅಂಗಡಿಯಲ್ಲಿ ಅಳತೆಯ ಗದ್ದಲ. ಈ ಗಡಿಬಿಡಿಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಮೂವತ್ತು ದಾಟಿದ, ಹತ್ತನೆಯ ತರಗತಿಯನ್ನೋ ಪದವಿಯನ್ನೋ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದ ಮನುಷ್ಯ ಮತ್ತೆ ಓದಬೇಕೆಂದರೆ ಈ ನಗರದಲ್ಲಿ ಯಾರ ಹತ್ತಿರ ಹೋಗಬೇಕು? ಹಣವನ್ನು ಎಲ್ಲಿ ಕೂಡಿಡಬೇಕು? ಯಾವ ಕೋರ್ಸು ಅವನ ಸಂಬಳವನ್ನು ಏರಿಸುತ್ತದೆ, ಯಾವುದು ಬರೀ ಕಾಗದ ಕೊಟ್ಟು ಕಳಿಸುತ್ತದೆ ಎಂದು ಯಾರು ಹೇಳುತ್ತಾರೆ? ಅರುವತ್ತು ವರ್ಷಗಳ ಹಿಂದಿನ ಮಾಣಿಗೆ ಈ ಪ್ರಶ್ನೆಗಳಿಗೆಲ್ಲ ಒಂದು ವಿಳಾಸವಿತ್ತು. ಇವತ್ತಿನ ಡೆಲಿವರಿ ಹುಡುಗನಿಗೆ, ಸೆಕ್ಯುರಿಟಿ ಗಾರ್ಡಿಗೆ, ಆಸ್ಪತ್ರೆಯ ಆಯಾಗೆ ಅದಿಲ್ಲ. ವ್ಯತ್ಯಾಸ ಹುಟ್ಟಿದ್ದು ಎಲ್ಲಿ ಎಂದು ನೋಡಿದರೆ, ಮಾಡಬೇಕಾದ ಕೆಲಸವೂ ಕಣ್ಣಿಗೆ ಬೀಳುತ್ತದೆ.

ರಾತ್ರಿ ಶಾಲೆಯ ಕತೆಯನ್ನು ನಾವು ಸಾಮಾನ್ಯವಾಗಿ ಛಲದ ಕತೆಯಾಗಿ ಹೇಳುತ್ತೇವೆ: ಬಡ ಹುಡುಗ, ಬೀದಿದೀಪ, ಕಷ್ಟಪಟ್ಟು ಮೇಲೆ ಬಂದ. ಛಲ ಇದ್ದದ್ದು ಸುಳ್ಳಲ್ಲ. ಆದರೆ ಛಲ ಒಂದರಿಂದಲೇ ಸಾವಿರಾರು ಹುಡುಗರು ಎಸ್ಸೆಸ್ಸಿ ದಾಟಲಿಲ್ಲ. ಅದರ ಹಿಂದೆ ಒಂದು ವ್ಯವಸ್ಥೆಯಿತ್ತು. ದಕ್ಷಿಣ ಕನ್ನಡದಿಂದ ಹಡಗು ಹತ್ತಿ, ಆಮೇಲೆ ಬಸ್ಸು ಹತ್ತಿ ಬಂದ ಸಮುದಾಯಗಳು ಇಲ್ಲಿ ಕಾಲೂರಿದ ಕೂಡಲೇ ಸಂಘ ಕಟ್ಟಿಕೊಂಡವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು. ಮೂರೂ ರಾತ್ರಿ ಶಾಲೆ ನಡೆಸಿದವು. ಫೋರ್ಟಿನ ಗುರುನಾರಾಯಣ ರಾತ್ರಿ ಶಾಲೆಯ ಹೆಸರು ಕೇಳದ ಹಳೆಯ ಮುಂಬಯಿ ಕನ್ನಡಿಗ ಸಿಗುವುದು ಕಷ್ಟ. ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ತೆರೆಯಿತು, ರಾಜ್ಯದ ಪರೀಕ್ಷಾ ಮಂಡಳಿ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಟ್ಟಿತು. ಊರಲ್ಲಿ ಐದನೆಯದೋ ಏಳನೆಯದೋ ಓದಿ ನಿಲ್ಲಿಸಿದ ಹುಡುಗ, ಪರವೂರಿನಲ್ಲಿ ತನ್ನ ಭಾಷೆಯಲ್ಲೇ ಮುಂದಿನ ತರಗತಿಗೆ ಸೇರಬಹುದಿತ್ತು.

ಈ ವ್ಯವಸ್ಥೆಯ ಮೊದಲ ಕಂಬ ಬಿಡುವು. ಹೋಟೆಲಿನಲ್ಲಿ ಸಂಜೆ ಗಿರಾಕಿ ಹೆಚ್ಚುವ ಹೊತ್ತು. ಆ ಹೊತ್ತಿನಲ್ಲಿ ಹುಡುಗನನ್ನು ಮೂರು ಗಂಟೆ ಬಿಟ್ಟುಕೊಡುವುದೆಂದರೆ ಧಣಿಗೆ ನೇರವಾದ ನಷ್ಟ. ಆದರೂ ಬಿಟ್ಟುಕೊಟ್ಟ ಧಣಿಗಳಿದ್ದರು. ಸ್ವತಃ ಮಾಣಿಯಾಗಿ ಬಂದು ಗಲ್ಲಾದ ಹಿಂದೆ ಕೂತವರಿಗೆ ಆ ಮೂರು ಗಂಟೆಯ ಬೆಲೆ ಗೊತ್ತಿತ್ತು. ಎರಡನೆಯ ಕಂಬ ಉಳಿತಾಯ. ಊಟ ವಸತಿ ಹೋಟೆಲಿನಲ್ಲೇ ಆದ್ದರಿಂದ ಸಂಬಳದ ಹೆಚ್ಚಿನ ಪಾಲು ಉಳಿಯುತ್ತಿತ್ತು. ಅದನ್ನು ಧಣಿಯ ಬಳಿ ಬಿಟ್ಟು ಊರಿಗೆ ಹೋಗುವಾಗ ಪಡೆಯುವುದು ಎಷ್ಟೋ ಕಡೆ ವಾಡಿಕೆಯಾಗಿತ್ತು. ಆ ವಾಡಿಕೆಯಲ್ಲಿ ಮೋಸಕ್ಕೂ ದಾರಿಯಿತ್ತು. ಸಮುದಾಯಗಳು ತಮ್ಮದೇ ಸಹಕಾರಿ ಸಂಘ, ಬ್ಯಾಂಕು ಕಟ್ಟಿಕೊಂಡದ್ದು ಅದಕ್ಕೆ ಒಳ್ಳೆಯ ಪರಿಹಾರವಾಯಿತು. ಮೂರನೆಯದು ಸಲಹೆ. ಎಸ್ಸೆಸ್ಸಿ ಆದ ಮೇಲೆ ಟೈಪಿಂಗ್ ಕಲಿಯಬೇಕೇ, ಕಾಮರ್ಸ್ ಕಾಲೇಜಿಗೆ ಸೇರಬೇಕೇ, ಯಾವ ಬ್ಯಾಂಕಿನಲ್ಲಿ ಗುಮಾಸ್ತರ ಅರ್ಜಿ ಕರೆದಿದ್ದಾರೆ ಎಂಬುದನ್ನೆಲ್ಲ ಮೇಷ್ಟ್ರೋ ಸಂಘದ ಕಾರ್ಯದರ್ಶಿಯೋ ಹುಡುಗನ ಮುಖ ನೋಡಿಯೇ ಹೇಳುತ್ತಿದ್ದರು. ಅವನ ಮನೆ, ಊರು, ಬುದ್ಧಿ, ಸಾಲ ಎಲ್ಲ ಗೊತ್ತಿದ್ದವರ ಮಾತು ಅದು.

ಎಸ್ಸೆಸ್ಸಿಯ ಆಚೆಗೂ ಮೆಟ್ಟಿಲಿತ್ತು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದ ಡಾ. ಬಿ.ಆರ್. ಅಂಬೇಡ್ಕರ್ ಮರುವರ್ಷ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿಯುವವರಿಗೆ ಅನುಕೂಲವಾಗಲೆಂದು ಬೆಳಗಿನ ತರಗತಿಗಳನ್ನು ಇಟ್ಟರು. ಪಾಠ ಮುಗಿಸಿ ಹತ್ತು ಗಂಟೆಗೆ ಕಚೇರಿಯ ಹಾಜರಿ ಪುಸ್ತಕಕ್ಕೆ ಸಹಿ ಹಾಕಬಹುದಾದ ಕಾಲೇಜು ಅದು. ಅದಕ್ಕೂ ಮೊದಲು, 1911ರಲ್ಲಿ ಎನ್.ಎಂ. ಜೋಶಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕಾರ್ಮಿಕರಿಗೆ ರಾತ್ರಿ ಶಾಲೆ, ವಾಚನಾಲಯ ನಡೆಸಿತ್ತು. ದುಡಿಮೆಗೂ ಓದಿಗೂ ಒಂದೇ ದಿನದಲ್ಲಿ ಜಾಗ ಮಾಡಿಕೊಡುವುದನ್ನು ಮುಂಬಯಿ ಹೀಗೆ ದಶಕಗಳ ಕಾಲ ಅಭ್ಯಾಸ ಮಾಡಿತ್ತು.

ಸಿಡೆನ್‌ಹ್ಯಾಮ್‌ನಿಂದ ಲಂಡನ್ನಿಗೆ
● 1918ರ ನವೆಂಬರ್‌ನಲ್ಲಿ ಅಂಬೇಡ್ಕರ್ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ತಿಂಗಳ ಸಂಬಳ 450 ರೂಪಾಯಿ.
● ಲಂಡನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ಓದನ್ನು ಮುಗಿಸಲೆಂದೇ ಸಂಬಳದಲ್ಲಿ ಹಣ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು, ಪಾರಸಿ ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು.
● 1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಅವರಿಗೆ 29 ವರ್ಷ. 1923ರಲ್ಲಿ ಡಿ.ಎಸ್‌ಸಿ. ಪದವಿ ಸಿಕ್ಕಿತು.

ಆ ಕಾಲವನ್ನು ಹೊಗಳುವಾಗ ಒಂದು ಸತ್ಯವನ್ನು ಮುಚ್ಚಿಡಬಾರದು. ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗರಲ್ಲಿ ಅನೇಕರು ಮಕ್ಕಳೇ. ಹನ್ನೆರಡು ವರ್ಷದ ಮಗು ಹದಿನಾಲ್ಕು ಗಂಟೆ ದುಡಿದು ರಾತ್ರಿ ಓದುವುದು ಹೆಮ್ಮೆಯ ವಿಷಯವಲ್ಲ. ಅದು ಊರಿನ ಬಡತನದ ಲಕ್ಷಣ. ಹುಡುಗಿಯರಂತೂ ಆ ತರಗತಿಗಳಲ್ಲಿ ತೀರಾ ವಿರಳ. ಇಂದು ಕರಾವಳಿಯ ಮಕ್ಕಳು ಊರಲ್ಲೇ ಹತ್ತನೆಯದು ಮುಗಿಸುತ್ತಾರೆ, ಮಕ್ಕಳ ದುಡಿಮೆಗೆ ಕಾನೂನಿನ ತಡೆಯಿದೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಒಂದೊಂದಾಗಿ ಬರಿದಾದುದಕ್ಕೆ ಇದೂ ಒಂದು ಕಾರಣ, ಮತ್ತು ಸಂತೋಷಪಡಬೇಕಾದ ಕಾರಣ. ಹಾಗಾಗಿ ಆ ಶಾಲೆಗಳನ್ನು ಇದ್ದ ಹಾಗೆಯೇ ಮರಳಿ ತರಬೇಕೆಂಬುದು ನನ್ನ ವಾದವಲ್ಲ. ಇಂದು ಮತ್ತೆ ಓದಬೇಕಾದವರು ವಯಸ್ಕರು. ಅವರಿಗೆ ಬೇಕಾದದ್ದು ಆ ಶಾಲೆಗಳ ಹಿಂದಿದ್ದ ಬಿಡುವು, ಉಳಿತಾಯ, ಸಲಹೆಗಳ ಕೂಟ.

ವಯಸ್ಕರ ಓದಿಗೆ ನಮ್ಮ ಕಾನೂನುಗಳು ಎಷ್ಟು ಕುರುಡಾಗಿವೆ ಎಂಬುದನ್ನು ಹಣದ ಲೆಕ್ಕದಲ್ಲಿ ನೋಡಬೇಕು. ಹಳೆಯ ಪದ್ಧತಿಯ ಆದಾಯ ತೆರಿಗೆಯಲ್ಲಿ 80ಸಿ ಎಂದು ಜನರ ಬಾಯಲ್ಲಿರುವ ವಿನಾಯಿತಿ ಮಕ್ಕಳ ಬೋಧನಾ ಶುಲ್ಕಕ್ಕೆ ಸಿಗುತ್ತದೆ, ಅದೂ ಇಬ್ಬರು ಮಕ್ಕಳಿಗೆ. ತಂದೆ ತಾನೇ ಬಿ.ಕಾಂ.ಗೆ ಸೇರಿ ಕಟ್ಟಿದ ಶುಲ್ಕಕ್ಕೆ ಸಿಗುವುದಿಲ್ಲ. ಸ್ವಂತ ಓದಿಗಾಗಿ ಬ್ಯಾಂಕಿನಲ್ಲಿ ಸಾಲ ಮಾಡಿದರೆ ಬಡ್ಡಿಗೆ ವಿನಾಯಿತಿ ಉಂಟು, ಕೂಡಿಟ್ಟು ಕಟ್ಟಿದರೆ ಇಲ್ಲ. ಭವಿಷ್ಯ ನಿಧಿಯ ನಿಯಮ ಇನ್ನೂ ವಿಚಿತ್ರವಾಗಿತ್ತು. ಏಳು ವರ್ಷ ಸದಸ್ಯನಾಗಿದ್ದ ಕಾರ್ಮಿಕ ತನ್ನ ಪಾಲಿನ ಅರ್ಧವನ್ನು ತನ್ನ ಮದುವೆಗೆ, ತಮ್ಮ ತಂಗಿಯರ ಮದುವೆಗೆ, ಮಕ್ಕಳ ಕಾಲೇಜಿಗೆ ತೆಗೆಯಬಹುದಿತ್ತು. ತನ್ನ ಓದಿಗೆ ತೆಗೆಯಲು ಅದರಲ್ಲಿ ದಾರಿಯಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ನಿಧಿಯ ಕೇಂದ್ರ ಮಂಡಳಿ ಹದಿಮೂರು ಬಗೆಯ ಹಿಂಪಡೆತಗಳನ್ನು ಮೂರಕ್ಕೆ ಇಳಿಸಿ, ಶಿಕ್ಷಣಕ್ಕೆ ಹತ್ತು ಸಲದವರೆಗೆ ಹಣ ತೆಗೆಯಬಹುದೆಂದು ತೀರ್ಮಾನಿಸಿತು. ಆ ಹತ್ತು ಸಲದಲ್ಲಿ ಒಂದಾದರೂ ದುಡಿಯುವವನ ಸ್ವಂತ ಪರೀಕ್ಷೆಗೆ ಸಲ್ಲಬೇಕು ಎಂಬುದನ್ನು ಕಾರ್ಮಿಕ ಸಂಘಟನೆಗಳು ಈಗಲೇ ಗಟ್ಟಿಯಾಗಿ ಕೇಳಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶಿಕ್ಷಣ ನೆರವೂ ಮುಖ್ಯವಾಗಿ ಕಾರ್ಮಿಕರ ಮಕ್ಕಳಿಗೆ ಮೀಸಲು. ದುಡಿಯುವವನು ಓದು ಮುಗಿಸಿದವನು, ಇನ್ನು ಅವನ ಮಕ್ಕಳ ಸರದಿ ಎಂದು ಕಾನೂನು ಬರೆದವರು ಒಪ್ಪಿಕೊಂಡುಬಿಟ್ಟಿದ್ದಾರೆ.

ಸಮಯದ ಲೆಕ್ಕ ಇದಕ್ಕಿಂತ ಕಠಿಣ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ದಿನದ ಮಿತಿಯನ್ನು ಹತ್ತು ಗಂಟೆಗೆ ಏರಿಸಲು ಒಪ್ಪಿತು. ಅದರ ಮೇಲೆ ವಿರಾರ್, ಕಲ್ಯಾಣ, ಪನ್ವೇಲ್ ಕಡೆಯಿಂದ ಬರುವವರ ಲೋಕಲ್ ಪ್ರಯಾಣ ಸೇರಿಸಿ. ಸಂಬಳ ಸಹಿತ ಓದಿನ ರಜೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರಲ್ಲೇ ಒಂದು ಒಡಂಬಡಿಕೆ ರೂಪಿಸಿತು; ಭಾರತ ಅದನ್ನು ಅನುಮೋದಿಸಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಅಧ್ಯಯನ ರಜೆ ಉಂಟು. ಅಂಧೇರಿಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನಿಗೆ ಪರೀಕ್ಷೆಯ ದಿನದ ರಜೆಯೂ ಮೇಸ್ತ್ರಿಯ ದಯೆ. ಹಳೆಯ ಧಣಿ ಬಾಯಿಮಾತಿನಲ್ಲಿ ಕೊಟ್ಟ ಮೂರು ಗಂಟೆಯನ್ನು ಇವತ್ತಿನ ಕಂಪನಿಯ ನೇಮಕಾತಿ ಪತ್ರ ಕೊಡುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ತಕ್ಷಣ ಬರುತ್ತದೆ. ಈಗ ತರಗತಿಗೆ ಹೋಗುವ ಅಗತ್ಯವೇ ಇಲ್ಲ, ಎಲ್ಲ ಮೊಬೈಲಿನಲ್ಲಿದೆ, ದೂರಶಿಕ್ಷಣವಿದೆ ಎನ್ನುತ್ತಾರೆ. ನಿಜ. ಮುಂಬಯಿ ವಿಶ್ವವಿದ್ಯಾಲಯ 1971ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು, ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ 1989ರಿಂದ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಅರ್ಧಕ್ಕೆ ಬಿಟ್ಟವರು ಮರಳಿ ಸೇರಲು, ಗಳಿಸಿದ ಕ್ರೆಡಿಟ್ಟುಗಳನ್ನು ಖಾತೆಯಲ್ಲಿ ಇಟ್ಟುಕೊಳ್ಳಲು ಅವಕಾಶ ಬಂತು. ಕೆಲಸದಲ್ಲಿ ಕಲಿತದ್ದಕ್ಕೂ ಮನ್ನಣೆ ಕೊಡುವ ಚೌಕಟ್ಟು ಕಾಗದದ ಮೇಲೆ ಸಿದ್ಧವಾಗಿದೆ. ಇಪ್ಪತ್ತು ವರ್ಷ ದೋಸೆ ಹಾಕಿದ ಭಟ್ಟರ ಅನುಭವಕ್ಕೆ ಪ್ರಮಾಣಪತ್ರ ಸಿಗಬಹುದು. ಆದರೆ ಇದನ್ನು ಭಟ್ಟರಿಗೆ ತಿಳಿಸುವವರು ಯಾರು? ಬಾಗಿಲು ಹೆಚ್ಚಿದಷ್ಟೂ ತಪ್ಪು ಬಾಗಿಲು ತಟ್ಟುವ ಅಪಾಯವೂ ಹೆಚ್ಚುತ್ತದೆ.

ಆ ಅಪಾಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರಬೇಕಾದದ್ದು. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ದುಡಿಯುವವರ ಪಾಲಿಗೆ ದೊಡ್ಡ ಆಸರೆಯಾಗಿತ್ತು. ತನ್ನ ವ್ಯಾಪ್ತಿ ಮೀರಿ, ರಾಜ್ಯದ ಹೊರಗೂ ಸಹಭಾಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ ಕಾರಣಕ್ಕೆ ಅದು ಸಿಕ್ಕಿಹಾಕಿಕೊಂಡಿತು. 2012–13ರ ನಂತರದ ಕೋರ್ಸುಗಳಿಗೆ ಮಾನ್ಯತೆಯಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2015ರ ಜೂನ್‌ನಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಶುಲ್ಕ ಕಟ್ಟಿ, ನಿದ್ದೆಗೆಟ್ಟು ಪರೀಕ್ಷೆ ಬರೆದ ನೌಕರರ ಕೈಯಲ್ಲಿ ಬಡ್ತಿಗೆ ನಡೆಯದ ಅಂಕಪಟ್ಟಿ ಉಳಿಯಿತು. ಅವರು ಸೋಮಾರಿಗಳಲ್ಲ, ದಡ್ಡರಲ್ಲ. ಸೇರುವ ಮುನ್ನ ಇದು ಯಾವ ವ್ಯಾಪ್ತಿಯಲ್ಲಿದೆ, ಮಾನ್ಯತೆ ಯಾವ ವರ್ಷದವರೆಗೆ ಇದೆ ಎಂದು ನೋಡಿಕೊಡುವ ಒಬ್ಬ ಬಲ್ಲವರು ಅವರ ಪಕ್ಕದಲ್ಲಿ ಇರಲಿಲ್ಲ, ಅಷ್ಟೆ. ವಯಸ್ಕನಿಗೆ ಕಳೆದುಕೊಳ್ಳಲು ವರ್ಷಗಳಿಲ್ಲ. ಹದಿನೆಂಟರ ಹುಡುಗ ಒಂದು ತಪ್ಪು ಕೋರ್ಸಿನಿಂದ ಚೇತರಿಸಿಕೊಳ್ಳುತ್ತಾನೆ. ಮೂವತ್ತೈದರಲ್ಲಿ, ಇಬ್ಬರು ಮಕ್ಕಳ ತಂದೆ, ಇನ್ನೊಂದು ಸಲ ಪುಸ್ತಕ ಹಿಡಿಯುವುದಿಲ್ಲ.

ಸೇರುವ ಮುನ್ನ
● ಹತ್ತನೆಯದು ಬಿಟ್ಟವರು ಮಹಾರಾಷ್ಟ್ರ ಮಂಡಳಿಯ ‘ಹದಿನೇಳು ನಂಬರ್ ಫಾರ್ಮ್’ ತುಂಬಿ ಖಾಸಗಿಯಾಗಿ ಪರೀಕ್ಷೆ ಬರೆಯಬಹುದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯೂ ಇದೆ.
● ದೂರಶಿಕ್ಷಣದ ಕೋರ್ಸು ಮಾನ್ಯವೇ ಎಂಬುದನ್ನು ಅನುದಾನ ಆಯೋಗದ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ನೋಡಬೇಕು. ಸೇರುವ ವರ್ಷದ ಪಟ್ಟಿಯನ್ನೇ ನೋಡಬೇಕು, ಹಳೆಯದನ್ನಲ್ಲ.
● 2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಆ ಮಂಡಳಿಯ ಗುರುತು ಸಂಖ್ಯೆ (ಡಿಇಬಿ-ಐಡಿ) ಕಡ್ಡಾಯ.
● ಒಂದೇ ವೇಳೆಗೆ ಎರಡು ಪದವಿ ಓದಲು 2022ರಿಂದ ಅನುಮತಿ ಇದೆ.

ಹಣ ಕೊಟ್ಟು ಸಲಹೆ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡ್ ದೊಡ್ಡ ಪಾಠ. ಅಲ್ಲಿನ ಸರ್ಕಾರ 2000ದ ಸೆಪ್ಟೆಂಬರ್‌ನಲ್ಲಿ ದುಡಿಯುವವರಿಗೆ ಕಲಿಕೆಯ ವೈಯಕ್ತಿಕ ಖಾತೆ ತೆರೆಯಿತು. ಜನ ಮುಗಿಬಿದ್ದರು, 25 ಲಕ್ಷಕ್ಕೂ ಹೆಚ್ಚು ಖಾತೆಗಳಾದವು. ಯಾವ ಕೋರ್ಸು ಒಳ್ಳೆಯದೆಂದು ಹೇಳುವವರಿಲ್ಲ, ಕಲಿಸುವ ಸಂಸ್ಥೆಗಳ ಮೇಲೆ ಕಾವಲಿಲ್ಲ. ನಕಲಿ ತರಬೇತಿದಾರರು ಹಣ ಬಾಚಿದರು; 2001ರ ನವೆಂಬರ್‌ನಲ್ಲಿ ಯೋಜನೆಯನ್ನೇ ಮುಚ್ಚಬೇಕಾಯಿತು. ಸಿಂಗಪುರ ಇದೇ ಯೋಚನೆಯನ್ನು ಹೆಚ್ಚು ಎಚ್ಚರದಿಂದ ನಡೆಸುತ್ತಿದೆ. ಅಲ್ಲಿ 25 ದಾಟಿದ ಪ್ರತಿ ನಾಗರಿಕನಿಗೂ 500 ಡಾಲರ್ ಕಲಿಕೆಯ ಹಣ ಕೊಟ್ಟರು, 2024ರಲ್ಲಿ ನಲವತ್ತು ದಾಟಿದವರಿಗೆ ಇನ್ನೂ 4,000 ಡಾಲರ್ ಸೇರಿಸಿದರು. ಆ ಹಣ ಸಲ್ಲುವುದು ಸರ್ಕಾರ ಒಪ್ಪಿದ ಕೋರ್ಸುಗಳಿಗೆ ಮಾತ್ರ. ಅಮೆರಿಕದಲ್ಲಿ 2001ರ ಸುಮಾರಿಗೆ ಕೆಲಸಗಾರ ಒಂದಿಷ್ಟು, ಮಾಲೀಕ ಅಷ್ಟೇ ಹಾಕುವ ಖಾತೆಯ ಪ್ರಯೋಗ ನಡೆಯಿತು. ಪ್ರತಿಯೊಬ್ಬರಿಗೂ ಒಬ್ಬ ಸಲಹೆಗಾರ ಇದ್ದದ್ದು ಅದರ ವಿಶೇಷ. ಷಿಕಾಗೋದಲ್ಲಿ ಆ ಪ್ರಯೋಗಕ್ಕೆ ಆರಿಸಿಕೊಂಡದ್ದು ರೆಸ್ಟೋರೆಂಟ್ ಕೆಲಸಗಾರರನ್ನೇ. ನಮ್ಮ ಹೋಟೆಲ್ ಧಣಿ, ಸಂಘದ ಕಾರ್ಯದರ್ಶಿ, ರಾತ್ರಿ ಮೇಷ್ಟ್ರು ಸೇರಿ ಬಾಯಿಮಾತಿನಲ್ಲಿ ನಡೆಸಿದ್ದೂ ಹೆಚ್ಚುಕಡಿಮೆ ಇದನ್ನೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ತಿಂಗಳ ಕೊನೆಗೆ ಬಾಡಿಗೆ ಕಟ್ಟಿ ಊರಿಗೆ ಕಳಿಸಿದರೆ ಕೈಯಲ್ಲಿ ಏನೂ ಉಳಿಯದವನಿಗೆ ಉಳಿತಾಯದ ಉಪದೇಶ ಮಾಡುವುದು ಕ್ರೌರ್ಯವಲ್ಲವೇ? ಉಪದೇಶವಾದರೆ ಕ್ರೌರ್ಯವೇ ಸರಿ. ಆದರೆ ಕರಾವಳಿಯವರಿಗೆ ಉಳಿತಾಯದ ಇನ್ನೊಂದು ಬಗೆ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಅಂಗಡಿ, ಮನೆಯ ಬಾಗಿಲಿಗೆ ಬಂದು ಎರಡಾಣೆಯನ್ನೂ ಬರೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕನ್ನು ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈಯವರೇ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಚಿಲ್ಲರೆ ಹಣ ಕೂಡಿಸುವ ಕಲೆ ಮತ್ತು ಕೆಲಸಕ್ಕೆ ಬರುವ ವಿದ್ಯೆ ಒಂದೇ ತಲೆಯಲ್ಲಿ ಹುಟ್ಟಿದ ಯೋಚನೆಗಳು. ಇವತ್ತು ಕೆಲಸಗಾರ ದಿನಕ್ಕೆ 20 ರೂಪಾಯಿ, ಧಣಿ 20 ರೂಪಾಯಿ ಹಾಕಿದರೆ ವರ್ಷದ 300 ಕೆಲಸದ ದಿನಕ್ಕೆ 12,000 ರೂಪಾಯಿ, ಮೂರು ವರ್ಷಕ್ಕೆ 36,000 ಆಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಬಿ.ಎ., ಬಿ.ಕಾಂ. ಮುಗಿಸಲು ಇದು ಸಾಲುತ್ತದೆ. ಹಣಕ್ಕಿಂತ ಮುಖ್ಯವಾಗಿ, ತನ್ನ ಓದಿನ ಹೆಸರಲ್ಲಿ ಒಂದು ಖಾತೆ ಪುಸ್ತಕ ಇದೆ ಎಂಬುದು ಮನುಷ್ಯನನ್ನು ಆ ಕಡೆಗೆ ತಿರುಗಿಸಿ ನಿಲ್ಲಿಸುತ್ತದೆ.

ಓದಿಸಿದರೆ ಕೆಲಸಗಾರ ಬಿಟ್ಟು ಹೋಗುತ್ತಾನೆ, ನಾನೇಕೆ ಕೊಡಲಿ ಎಂಬುದು ಧಣಿಯ ಪ್ರಶ್ನೆ. ಬಿಟ್ಟು ಹೋಗುತ್ತಾನೆ, ಹೌದು. ಫೋರ್ಟಿನ ಹೋಟೆಲುಗಳ ಮಾಣಿಗಳೂ ಬ್ಯಾಂಕಿಗೆ, ಕಂಪನಿ ಕಚೇರಿಗೆ ಬಿಟ್ಟು ಹೋದರು. ಹೋಟೆಲುಗಳು ಅದರಿಂದ ಮುಚ್ಚಲಿಲ್ಲ. ಓದಬಹುದೆಂಬ ಆಸೆಗೇ ಊರಿಂದ ಇನ್ನಷ್ಟು ಹುಡುಗರು ಬಂದರು. ಬಿಟ್ಟು ಹೋದವರು ಸಂಘದ ಸದಸ್ಯರಾದರು, ಕಟ್ಟಡ ನಿಧಿಗೆ ದಾನಿಗಳಾದರು. ಇನ್ನೊಂದು ಸಾಕ್ಷಿ ಬ್ಯಾಂಕುಗಳಲ್ಲೇ ಇದೆ. 1928ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಬ್ಯಾಂಕರುಗಳ ಸಂಸ್ಥೆ ನಡೆಸುವ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳನ್ನು ನೌಕರರು ಕೆಲಸ ಮಾಡುತ್ತಲೇ ಬರೆಯುತ್ತಾರೆ, ಪಾಸಾದರೆ ಸಂಬಳದಲ್ಲಿ ಇನ್‌ಕ್ರಿಮೆಂಟ್ ಸಿಗುತ್ತದೆ. ನಲವತ್ತು ದಾಟಿದವರೂ ಲೋಕಲ್ ರೈಲಿನಲ್ಲಿ ನಿಂತು ಆ ಪುಸ್ತಕ ಓದುತ್ತಾರೆ. ವಯಸ್ಕರಿಗೆ ಓದಿನ ಮೇಲೆ ಆಸಕ್ತಿಯಿಲ್ಲ ಎಂಬ ಮಾತಿಗೆ ಅಲ್ಲೇ ಉತ್ತರವಿದೆ: ಮೆಟ್ಟಿಲು ಕಣ್ಣಿಗೆ ಕಾಣಬೇಕು, ಹತ್ತಿದರೆ ಏನು ಸಿಗುತ್ತದೆಂದು ಮೊದಲೇ ಗೊತ್ತಿರಬೇಕು. ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ, ಗೋದಾಮಿನಲ್ಲಿ ಅಂಥ ಮೆಟ್ಟಿಲನ್ನು ಯಾರೂ ಬರೆದಿಟ್ಟಿಲ್ಲ.

ಸರ್ಕಾರದ ಕೆಲಸವನ್ನು ಸಂಘಗಳ ತಲೆಗೆ ಕಟ್ಟುವುದು ಸರಿಯೇ ಎಂಬ ಪ್ರಶ್ನೆಯನ್ನೂ ಎದುರಿಸಬೇಕು. ಸರಿಯಲ್ಲ. ತೆರಿಗೆ, ಭವಿಷ್ಯ ನಿಧಿ, ಓದಿನ ರಜೆ ಇವೆಲ್ಲ ಸರ್ಕಾರವೇ ತಿದ್ದಬೇಕಾದವು. ಆದರೆ ರಾತ್ರಿ ಶಾಲೆಗಳ ವಿಷಯದಲ್ಲಿ ಸರ್ಕಾರದ ನಡೆ ಭರವಸೆ ಹುಟ್ಟಿಸುವಂತಿಲ್ಲ. 2017ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಹಗಲೂ ರಾತ್ರಿಯೂ ಪಾಠ ಮಾಡುತ್ತಿದ್ದ ಶಿಕ್ಷಕರನ್ನು ರಾತ್ರಿ ಶಾಲೆಗಳಿಂದ ಬಿಡುಗಡೆ ಮಾಡುವ ಆದೇಶ ಹೊರಡಿಸಿದಾಗ, ಆ ಶಾಲೆಗಳ ಬೆನ್ನೆಲುಬಿಗೇ ಪೆಟ್ಟು ಬಿತ್ತು. 2008ರಲ್ಲಿ ನಿಕಿತಾ ಕೇತ್ಕರ್ ಆರಂಭಿಸಿದ ‘ಮಾಸೂಮ್’ ಸಂಸ್ಥೆ ಆ ಸಂಕಟದ ನಡುವೆಯೂ ಮುಂಬಯಿಯ ರಾತ್ರಿ ಶಾಲೆಗಳಿಗೆ ಪುಸ್ತಕ, ತಿಂಡಿ, ವೃತ್ತಿ ಮಾರ್ಗದರ್ಶನ ಒದಗಿಸುತ್ತ ಬಂದಿದೆ. ಹಸಿದು ಬಂದವನಿಗೆ ಮೊದಲು ತಿಂಡಿ, ಆಮೇಲೆ ಬೀಜಗಣಿತ ಎಂಬುದನ್ನು ಅರಿತವರು ಮಾಡುವ ಕೆಲಸ ಅದು. ಒಂದು ಸ್ವಯಂಸೇವಾ ಸಂಸ್ಥೆಗೆ ಸಾಧ್ಯವಾದದ್ದು ನೂರು ವರ್ಷದ ಸಂಘಗಳಿಗೆ ಆಗದೆ?

ಅವುಗಳ ಕೈಯಲ್ಲಿ ಬೇಕಾದದ್ದೆಲ್ಲ ಇದೆ. ಶ್ರೀಪಾದ ಸುಬ್ಬರಾವ್ ತಲ್ಮಕಿ ತಮ್ಮ ಗುರು ಶ್ಯಾಮರಾವ್ ವಿಠಲ ಕೈಕಿಣಿಯವರ ನೆನಪಿಗೆ 1906ರಲ್ಲಿ ಕಟ್ಟಿದ ಸಹಕಾರಿ ಸಂಘ ಇಂದು ಎಸ್‌ವಿಸಿ ಬ್ಯಾಂಕ್. ಬಿಲ್ಲವರ ಅಸೋಸಿಯೇಶನ್ ಆಸರೆಯಲ್ಲಿ 1978ರಲ್ಲಿ ಹುಟ್ಟಿದ್ದು ಭಾರತ್ ಬ್ಯಾಂಕ್. ಮೊಗವೀರರಿಗೂ ತಮ್ಮದೇ ಸಹಕಾರಿ ಬ್ಯಾಂಕಿದೆ. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆ, ಅಂಧೇರಿಯಲ್ಲಿ ಮೊಗವೀರ ಮಂಡಳಿಯ ಶಾಲೆ ಕಾಲೇಜು, ಡೊಂಬಿವಲಿಯ ಮಂಜುನಾಥ ವಿದ್ಯಾಲಯ ಇವುಗಳ ಕಟ್ಟಡಗಳು ಸಂಜೆಯ ಹೊತ್ತು ಬಹುಪಾಲು ಖಾಲಿ. ಎಲ್ಲ ಸಂಘಗಳೂ ಪ್ರತಿವರ್ಷ ವಿದ್ಯಾರ್ಥಿವೇತನ ಹಂಚುತ್ತವೆ. ವೇದಿಕೆಯ ಮೇಲೆ ಕವರು ಪಡೆಯುವವರು ಸದಸ್ಯರ ಮಕ್ಕಳು. ಆ ನಿಧಿಯ ಹತ್ತನೇ ಒಂದು ಭಾಗ ದುಡಿಯುತ್ತ ಓದುವ ವಯಸ್ಕರಿಗೆ ಮೀಸಲಾದರೆ ಸಾಕು, ಕೆಲಸ ಆರಂಭಿಸಲು. ಹೆಂಗಸರಿಗೆ ಇದು ಇನ್ನೂ ತುರ್ತು. ಮದುವೆಗಾಗಿ ಓದು ಬಿಟ್ಟು, ಮಕ್ಕಳು ಬೆಳೆದ ಮೇಲೆ ಕೆಲಸಕ್ಕೆ ಇಳಿದವರಿಗೆ ಹಳೆಯ ರಾತ್ರಿ ಶಾಲೆಯ ಹೊತ್ತು ಎಂದೂ ಹೊಂದಲಿಲ್ಲ. ಅವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕರ ತರಗತಿ ಬೇಕು, ಮನೆಯ ಹತ್ತಿರ ಬೇಕು.

ಕೊನೆಯದಾಗಿ, ಸಂಘಗಳ ಸಭೆಯಲ್ಲಿ ಖಂಡಿತ ಏಳುವ ಮಾತು: ಹೋಟೆಲುಗಳಲ್ಲಿ ಈಗ ನಮ್ಮ ಹುಡುಗರೆಲ್ಲಿ? ಬಿಹಾರ, ಒಡಿಶಾ, ನೇಪಾಳದವರಿಗೆ ಕನ್ನಡಿಗರು ಯಾಕೆ ಓದಿಸಬೇಕು? ನಮ್ಮವರು ಇಲ್ಲ ಎಂಬುದೇ ಪೂರ್ಣ ನಿಜವಲ್ಲ. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಬಂದು ನಾಕಾಗಳಲ್ಲಿ ಕೂಲಿಗೆ ನಿಲ್ಲುವ ಕನ್ನಡಿಗರು ಫೋರ್ಟಿನ ಸಂಘಗಳ ಕಣ್ಣಿಗೆ ಬಿದ್ದದ್ದು ಕಡಿಮೆ. ಉಳಿದವರ ವಿಷಯಕ್ಕೆ ಬಂದರೆ, ನಮ್ಮ ಮಾಣಿಗಳು ಕೂತ ಬೆಂಚುಗಳಲ್ಲಿ ಎಷ್ಟೋ ಮುಂಬಯಿ ಮಹಾನಗರಪಾಲಿಕೆಯವು. ಅವರು ಕನ್ನಡದಲ್ಲಿ ಬರೆದ ಉತ್ತರಪತ್ರಿಕೆಯನ್ನು ತಿದ್ದಿಸಿದ್ದು ಮಹಾರಾಷ್ಟ್ರದ ಮಂಡಳಿ. ಸಿದ್ಧಾರ್ಥ ಕಾಲೇಜು ಯಾರ ಊರನ್ನೂ ಜಾತಿಯನ್ನೂ ಕೇಳಿ ಸೀಟು ಕೊಡಲಿಲ್ಲ. ಈ ಊರು ನಮ್ಮ ಹಿರಿಯರಿಗೆ ಮಾಡಿದ್ದನ್ನು ನಾವು ಇವತ್ತು ಬಂದವರಿಗೆ ಮಾಡಬೇಕಾಗಿದೆ.

ಆರಂಭಕ್ಕೆ ಒಂದು ಸಂಘ, ಒಂದು ಬ್ಯಾಂಕಿನ ಶಾಖೆ, ಮೂವತ್ತು ಹೋಟೆಲುಗಳು ಸಾಕು. ನೂರು ಓದಿನ ಖಾತೆ ತೆರೆಯಲಿ, ಧಣಿಗಳ ಪಾಲು ಲಿಖಿತ ಒಪ್ಪಂದದಲ್ಲಿರಲಿ, ಹಣ ನೇರವಾಗಿ ಮಾನ್ಯತೆ ಇರುವ ಸಂಸ್ಥೆಗೇ ಸಲ್ಲಲಿ. ನಿವೃತ್ತ ಶಿಕ್ಷಕರೋ ಬ್ಯಾಂಕಿನ ಅಧಿಕಾರಿಯೋ ಒಬ್ಬರು ಸಂಬಳಕ್ಕೆ ಕೂರಲಿ. ಈ ಕೆಲಸ ಪುಕ್ಕಟೆ ಸೇವೆಗೆ ಬಿಡುವಂಥದ್ದಲ್ಲ. ಅವರು ಕೂರಬೇಕಾದ ಹೊತ್ತು ಮಧ್ಯಾಹ್ನ ಮೂರರಿಂದ ಐದು, ಹೋಟೆಲಿನಲ್ಲಿ ಊಟ ಮುಗಿದು ಚಹಾದ ಗಿರಾಕಿ ಇನ್ನೂ ಬಾರದ ಸಮಯ. ಹದಿನೇಳು ನಂಬರ್ ಫಾರ್ಮ್ ತುಂಬಲು ಶಾಲೆ ತೆರೆದ ಮೇಲೆ ಕೆಲವೇ ತಿಂಗಳ ಗಡುವು ಇರುತ್ತದೆ. ಈ ಮಳೆಗಾಲದಲ್ಲೇ ಹೆಸರು ಬರೆಸಿದವರು ಮುಂದಿನ ಬೇಸಿಗೆಗೆ ಪರೀಕ್ಷಾ ಕೊಠಡಿಯಲ್ಲಿ ಕೂರಬಹುದು.